ಹಿತ್ತಲ ಗೋಡೆಯ ಎಣ್ಣೆ ಕಲೆ

ಇವತ್ತು ಮೇಸ್ತ್ರಿ ರಮಣಭಾಯಿ ನನ್ನ ಬಾಯಿ ಮುಚ್ಚಿಸಿದರು, ಮಾರಾಯ್ರೆ. ಸೂರತ್ತಿನ ನಮ್ಮ ಮನೆಯ ಮುಂದೆ ಉಯ್ಯಾಲೆ ಹಾಕುವಂಥ ಪೋರ್ಚ್ ಕಟ್ಟಿಸಲು ನಾನೇ ಲ್ಯಾಪ್‌ಟಾಪಿನಲ್ಲಿ ನಕ್ಷೆ ಬಿಡಿಸಿದ್ದೆ. ಅವರು ಅದನ್ನು ನೋಡಲೇ ಇಲ್ಲ. ಮನೆ ಸುತ್ತಿ ಬಂದು, ಹಿತ್ತಲ ಗೋಡೆಯ ಎಣ್ಣೆ ಕಲೆ ತೋರಿಸಿ, "ಯೇ ಕಿಸ್ಕಾ ಸರ್ ಹೈ?" ಎಂದು, ಇದು ಯಾರ ತಲೆಯ ಗುರುತು ಅಂತ ಕೇಳಿದರು.

ನಾಚಿಕೆಯಾಯಿತು. ಅತ್ತೆ ದಿನಾ ಸಂಜೆ ಇಲ್ಲೇ ತಲೆ ಒರಗಿಸಿ ಕೂರುತ್ತಾರೆ, ಪೇಂಟ್ ಹೊಡೆಸುತ್ತೇನೆ ಎಂದೆ.

"ಪೇಂಟ್ ಬೇಡ ಬೆಹೆನ್. ಗಾಳಿ ಎಲ್ಲಿ ಬರುತ್ತೆ ಅಂತ ಅವರಿಗೆ ಗೊತ್ತು. ಝೂಲಾ ಯಹೀಂ ಲಗೇಗಾ, ಉಯ್ಯಾಲೆ ಇಲ್ಲೇ!"

ಅತ್ತೆ ಒಳಗಿಂದಲೇ, "ನನ್ನ ಯಾರು ಕೇಳಿದ್ರು?" ಎಂದರು.

ನಾನೂ ಅಲ್ಲಿ ಒರಗಿ ಕೂತೆ. ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ನಾಲ್ಕು ವರ್ಷದಿಂದ ಕಲೆ ಎಂದುಕೊಂಡು ನಾನು ಸೋಪು ಹಾಕಿ ಉಜ್ಜುತ್ತಿದ್ದುದು ಪೋರ್ಚಿನ ನಕ್ಷೆಯನ್ನೇ!