ರಾಜ್ಯ ಬಿಡುತ್ತೇವೆಂದು ಹೇಳಲು ಮುಂಬೈಗೆ

ನಮ್ಮ ಬಸ್ಸು ವಾಶಿಯ ಸೇತುವೆ ದಾಟುವಾಗ ಬೆಳಕು ಹರಿದಿತ್ತು. ಗಂಗವ್ವ ಕಿಟಕಿಗೆ ಮುಖ ಹಚ್ಚಿ ಕೂತಿದ್ದಳು. "ಅಕ್ಕೋರ, ಇದು ಸಮುದ್ರಾನೇನ್ರಿ?" ಎಂದು ಕೇಳಿದಳು. ಸಮುದ್ರ ಒಳಗೆ ಚಾಚಿದ ಖಾಡಿ ಎಂದೆ. ಹಿಂದಿನ ಸೀಟಿನಿಂದ ಮಲ್ಲಪ್ಪ ಕಾಕಾ, "ಏನರ ಇರ್ಲಿ, ಉಪ್ಪ ನೀರ. ನಮಗೇನ್ ಉಪಯೋಗ?" ಎಂದರು. ರಾತ್ರಿಯಿಡೀ ಅವರು ಕಣ್ಣು ಮುಚ್ಚಿರಲಿಲ್ಲ. ನಾನೂ ಅಷ್ಟೆ.

ನಮ್ಮೂರು ಜತ್ತ ತಾಲ್ಲೂಕಿನ ಪೂರ್ವದ ಅಂಚಿನಲ್ಲಿದೆ. ಊರ ಕಡೆಯ ಹೊಲ ದಾಟಿದರೆ ಕರ್ನಾಟಕದ ವಿಜಯಪುರ ಜಿಲ್ಲೆ. ಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಶಾಲೆಯಲ್ಲಿ ನಾವು ಮಾತಾಡುವುದು ಕನ್ನಡ. ಸರ್ಕಾರ ಮಾತ್ರ ಮಹಾರಾಷ್ಟ್ರದ್ದು. ಗಡಿಯಾಚೆಯ ಕಾಲುವೆಯಲ್ಲಿ ನೀರು ಹರಿಯುವುದು ನಮಗೆ ಕಾಣುತ್ತದೆ. ಈಚೆಗೆ ನೀರು ಬರುತ್ತದೆಂಬ ಮಾತನ್ನು ಪ್ರತಿ ಚುನಾವಣೆಯಲ್ಲೂ ಕೇಳಿದ್ದೇವೆ. ನಾನು ಪಾಠ ಹೇಳಿ ನಿವೃತ್ತಳಾದ ಕನ್ನಡ ಶಾಲೆಗೆ ನನ್ನ ನಂತರ ಯಾರೂ ಬಂದಿಲ್ಲ. ಸರ್ಕಾರದಿಂದ ಬರುವ ಕಾಗದಗಳೆಲ್ಲ ಮರಾಠಿಯಲ್ಲಿರುತ್ತವೆ. ಜನ ಅವನ್ನು ಹಿಡಿದುಕೊಂಡು ನನ್ನ ಮನೆಗೆ ಬರುತ್ತಾರೆ.

ಹೀಗಾಗಿ ಈ ವರ್ಷ ಗ್ರಾಮಸಭೆ ಒಂದು ಠರಾವು ಮಾಡಿತು: ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ. ಮಾತು ಎತ್ತಿದವರು ಮಲ್ಲಪ್ಪ ಕಾಕಾ. ಸಹಿ ಹಾಕಿದವಳು ಸರಪಂಚ ಗಂಗವ್ವ. ಸುದ್ದಿ ಪೇಪರಿನಲ್ಲಿ ಬಂದದ್ದೇ ತಡ, ಇಷ್ಟು ವರ್ಷ ನಮ್ಮ ಹೆಸರನ್ನೇ ಕೇಳದ ಸರ್ಕಾರದವರು ಮಾತುಕತೆಗೆ ಮುಂಬೈಗೆ ಕರೆದರು. ಮರಾಠಿ ಬಲ್ಲವರೊಬ್ಬರು ಬೇಕೆಂದು ನನ್ನನ್ನೂ ಹೊರಡಿಸಿದರು.

ಸಯನ್ ಸರ್ಕಲ್ಲಿನಲ್ಲಿ ಇಳಿದಾಗ ನನ್ನ ತಮ್ಮ ಬಸವರಾಜ ಕಾಯುತ್ತಿದ್ದ. ಅವನು ಇಲ್ಲಿಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಖಾಸಗಿ ಕಂಪನಿಯಲ್ಲಿ ನೌಕರಿ. ಚೀಲ ತೆಗೆದುಕೊಳ್ಳುತ್ತಾ ಮೆಲ್ಲಗೆ, "ಅಕ್ಕಾ, ಬಿಲ್ಡಿಂಗ್‌ನಾಗ ಯಾರರ ಕೇಳಿದ್ರ ದವಾಖಾನಿಗೆ ಬಂದೀವಿ ಅನ್ರಿ" ಎಂದ. ಸಯನ್ನಿಗೆ ಊರಿನವರು ಆಸ್ಪತ್ರೆಗೆಂದು ಬರುವುದು ಸಾಮಾನ್ಯ, ಯಾರಿಗೂ ಅನುಮಾನ ಬಾರದು. ಆದರೆ ಮಲ್ಲಪ್ಪ ಕಾಕಾಗೆ ಅದು ಕೇಳಿಸಿತ್ತು. "ನಮಗೇನ್ ರೋಗ ಬಂದದ ತಮ್ಮಾ?" ಎಂದರು. ಬಸವರಾಜ ಚೀಲ ಹೆಗಲಿಗೇರಿಸಿ ಮುಂದೆ ನಡೆದ.

ಅವನ ಹೆಂಡತಿ ವೈಶಾಲಿ ದಾದರ್‌ನಲ್ಲಿ ಹುಟ್ಟಿ ಬೆಳೆದವಳು, ಮರಾಠಿಯವಳು. ಕಾಂದಾ ಪೋಹೆ ಬಡಿಸಿ, ಎಲ್ಲರೂ ತಿಂದು ಮುಗಿಸಿದ ಮೇಲೆ ನೇರವಾಗಿ ಕೇಳಿದಳು: "ಅಕ್ಕಾ, ತುಮ್ಹಾಲಾ ಇಥೆ ಕಾಯ್ ಕಮೀ ಪಡ್ಲಂ?" ನಿಮಗೆ ಇಲ್ಲಿ ಏನು ಕಡಿಮೆಯಾಯಿತು ಎಂದು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಮನೆ ಬಿಟ್ಟು ಹೊರಟ ಸೊಸೆಯನ್ನು ಕೇಳುವ ಹಾಗಿತ್ತು. ನಾನು ನೀರು, ಶಾಲೆ ಎಂದೆಲ್ಲ ಹೇಳತೊಡಗಿದೆ. ಅಷ್ಟರಲ್ಲಿ ಬಿಲ್ಡಿಂಗಿನ ನೀರು ಬರುವ ಹೊತ್ತಾಯಿತು. ಅವಳು ಎದ್ದು ನೀರು ತುಂಬಿಡುವ ಪಿಂಪಿನ ಕಡೆ ಓಡಿದಳು. ಗಂಗವ್ವನೂ ಸೆರಗು ಸಿಕ್ಕಿಸಿ ಹಿಂದೆಯೇ ಹೋದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ ಆ ಇಬ್ಬರು, ನೀರು ನಿಲ್ಲುವ ಮೊದಲು ಮನೆಯ ಪಾತ್ರೆಗಳನ್ನೆಲ್ಲ ತುಂಬಿಸಿದರು.

ಹತ್ತು ರೂಪಾಯಿಯ ಟಿಕೆಟ್ ತೆಗೆದು ಸಯನ್ನಿನಿಂದ ಲೋಕಲ್ ಹತ್ತಿದೆವು. ನಾನೂ ಗಂಗವ್ವನೂ ಹೆಂಗಸರ ಡಬ್ಬಿಯಲ್ಲಿ, ಕಾಕಾ ಬೇರೆ ಡಬ್ಬಿಯಲ್ಲಿ. ದಾದರ್ ಬಂದಾಗ ಒಳಗಿದ್ದವರು ಇಳಿಯುವ ಮೊದಲೇ ಹೊರಗಿನವರು ನುಗ್ಗಿದರು. ಗಂಗವ್ವ ನನ್ನ ಮೊಣಕೈ ಹಿಡಿದವಳು ಕಡೆಯ ಸ್ಟೇಶನ್ನಿನ ತನಕ ಬಿಡಲಿಲ್ಲ. ಅಕ್ಟೋಬರಿನ ಬಿಸಿಲು, ಬೆವರಿಗೆ ಸೀರೆ ಅಂಟಿಕೊಂಡಿತ್ತು. ಕಚೇರಿ ಮುಟ್ಟಿ ಹೊರಗಿನ ಬೆಂಚಿನಲ್ಲಿ ಕೂತೆವು. ಮಧ್ಯಾಹ್ನದ ಊಟದ ಹೊತ್ತಿಗೆ ಒಬ್ಬ ಗುಮಾಸ್ತ ಬಂದು, ಸಾಹೇಬರು ಮೀಟಿಂಗಿನಲ್ಲಿದ್ದಾರೆ, ನಾಳೆ ಬನ್ನಿ ಎಂದ.

ಹೊರಗೆ ಬಂದಾಗ ಟೀವಿಯವನೊಬ್ಬ ಮೈಕ್ ಹಿಡಿದು ನಿಂತಿದ್ದ. ಕಾಕಾ ನನ್ನನ್ನು ಕೇಳಲಿಲ್ಲ. ತಮಗೆ ಬರುವ ಅರೆಬರೆ ಮರಾಠಿಯಲ್ಲಿ, ಈ ಸರ್ಕಾರದ ಋಣ ನಮಗೆ ಮುಗಿಯಿತು, ಇನ್ನು ಒಂದು ದಿನವೂ ಇರುವುದಿಲ್ಲ ಎಂದು ಕೈ ಎತ್ತಿ ಹೇಳಿದರು.

ವಾಪಸು ಬರುವಾಗ ಮಾಟುಂಗದಲ್ಲಿ ಇಳಿದು ಹೋಟೆಲಿನಲ್ಲಿ ಇಡ್ಲಿ ತಿಂದೆವು. ಗಲ್ಲಾಪೆಟ್ಟಿಗೆಯ ಬಳಿಯಿದ್ದ ಮಾಲೀಕರು ಉಡುಪಿ ಕಡೆಯವರು. ನಮ್ಮ ಕನ್ನಡ ಕೇಳಿ ಎದ್ದು ಬಂದು ಮಾತಾಡಿಸಿದರು. ಬಂದ ಕಾರಣ ತಿಳಿದಾಗ ಮುಖ ಸಣ್ಣದಾಯಿತು. "ನಿಮ್ಮ ಕಷ್ಟ ನನಗೆ ಅರ್ಥ ಆಗ್ತದೆ ಮಾರಾಯ್ರೆ. ಆದ್ರೆ ನೀವು ಹೋಗ್ತೇವೆ ಅಂತ ಹೇಳಿದ್ರೆ, ನಾಳೆ ಇಲ್ಲಿ ಯಾರಾದ್ರೂ ಬಂದು ನನ್ನ ಹತ್ರ ಕೇಳ್ತಾರೆ, ಶೇಟ್, ನೀವು ಯಾವಾಗ ಹೋಗ್ತೀರಿ ಅಂತ." ಗಂಗವ್ವ ತಿನ್ನುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು.

ಸಂಜೆ ಬಸವರಾಜ ಕೆಲಸದಿಂದ ಬಂದವನೇ ಫೋನನ್ನು ಮೇಜಿನ ಮೇಲೆ ಇಟ್ಟ. ಕಾಕಾ ಮಾತಾಡಿದ್ದು ಅದರಲ್ಲಿ ಓಡುತ್ತಿತ್ತು. "ಆಫೀಸಿನಾಗ ಎಲ್ಲಾರೂ ನೋಡ್ಯಾರ. ಯಾವ ಊರು ನಿಂದು ಅಂತ ಕೇಳ್ಯಾರ. ನಿಮಗ ಬಸ್ ಹತ್ತಿದ್ರ ಮುಗೀತು, ನಾ ಇಲ್ಲೇ ಬಾಳ್ವೆ ಮಾಡಬೇಕು, ಕಾಕಾ."

"ನಿನ್ನ ಬಾಳ್ವೆ ಸಂಬಂಧ ಊರು ಬಾಯಿ ಮುಚ್ಕೊಂಡ್ ಇರಬೇಕೇನು?" ಎಂದರು ಕಾಕಾ. ಚೀಲ ಎತ್ತಿಕೊಂಡರು. ಚೆಂಬೂರಿನಲ್ಲಿ ಪರಿಚಯದವರೊಬ್ಬರ ಮನೆಯಿತ್ತು, ಅಲ್ಲಿಗೆ ಹೊರಟೇಬಿಟ್ಟರು. ವೈಶಾಲಿ ಬಾಗಿಲಿನವರೆಗೆ ಹೋಗಿ ಊಟ ಮಾಡಿಕೊಂಡು ಹೋಗಿ ಎಂದಳು. ಅವರು ನಿಲ್ಲಲಿಲ್ಲ. ನನಗೆ ಯಾರ ಪರ ನಿಲ್ಲಬೇಕೆಂದು ತಿಳಿಯಲಿಲ್ಲ. ನನ್ನ ಪಿಂಚಣಿ ಬರುವುದೂ ಇದೇ ರಾಜ್ಯದಿಂದ.

ಮರುದಿನ ಕಚೇರಿಯ ಬಾಗಿಲಲ್ಲಿ ಕಾಕಾ ಮತ್ತೆ ಸೇರಿಕೊಂಡರು. ನನ್ನ ಮುಖ ನೋಡಲಿಲ್ಲ. ಈ ಸಲ ಒಳಗೆ ಕರೆದರು. ಅಧಿಕಾರಿ ಐವತ್ತರ ಆಸುಪಾಸಿನವರು, ಸೌಮ್ಯ ಮಾತಿನವರು. ಚಹಾ ತರಿಸಿದರು. ನಿಮ್ಮ ಊರಿನ ನೀರಿನ ಯೋಜನೆಗೆ ಮಂಜೂರಾತಿ ಕೊಡಿಸಲು ಪ್ರಯತ್ನಿಸುತ್ತೇವೆ, ಅದಕ್ಕೆ ಮೊದಲು ಠರಾವು ಹಿಂದೆಗೆದುಕೊಂಡೆವೆಂದು ಸರಪಂಚರು ಬರೆದುಕೊಡಲಿ ಎಂದರು. ಬರೆದ ಕಾಗದ ಸಿದ್ಧವಿತ್ತು. ಅದನ್ನು ಗಂಗವ್ವನ ಮುಂದೆ ಸರಿಸಿದರು. ನಾನು ಕನ್ನಡದಲ್ಲಿ ಓದಿ ಹೇಳಿದೆ.

ಕಾಕಾ ಕೂಗಾಡುತ್ತಾರೆಂದು ನಾನು ಎಣಿಸಿದ್ದೆ. ಅವರು ಮುಂದೆ ಬಾಗಿ, "ಸಹಿ ಮಾಡವ್ವಾ" ಎಂದರು. "ಹುಡುಗ ಇದ್ದಾಗಿಂದ ನೀರ ಕೇಳ್ಕೋತ ಬಂದೀನಿ. ಕುಂದ್ರಿಸಿ ಚಹಾ ಕೊಟ್ಟು ಮಾತಾಡ್ಸಿದ್ದು ಇದ ಮೊದ್ಲ. ಸಿಕ್ಕಿದ್ದು ತಗೊಂಡ್ ಹೋಗೂಣ. ನಾ ಕಣ್ಣಿಲೆ ನೀರ ನೋಡಬೇಕು."

ಗಂಗವ್ವ ಕಾಗದವನ್ನು ಮುಟ್ಟಲಿಲ್ಲ. ನನ್ನ ಕಡೆ ತಿರುಗಿ, "ಅಕ್ಕೋರ, ನಾ ಹೇಳಿದ್ದನ್ನ ಹೆಚ್ಚು ಕಡಿಮಿ ಮಾಡದ ಹೇಳ್ರಿ" ಎಂದಳು. "ಬಿಟ್ಟ ಹೋಗ್ತೀವಿ ಅಂದ ಮ್ಯಾಲ ನೀವು ನೀರ ಕೊಡ್ತೀವಿ ಅಂತೀರಿ. ನಾಳಿಗೆ ಇಲ್ಲೇ ಉಳೀತೀವಿ ಅಂತ ಬರದ ಕೊಟ್ರ, ಆಮ್ಯಾಲೂ ಕೊಡ್ತೀರಿ ಅಂತ ನಾ ಹ್ಯಾಂಗ ನಂಬಲಿ? ಠರಾವು ಊರು ಮಾಡೇತಿ. ನಾ ಒಬ್ಬಾಕಿ ಹಿಂದ ತಗೊಳ್ಳಾಕ ಬರೂದಿಲ್ಲ. ಊರನ್ನ ಕೇಳಿ ಹೇಳ್ತೀನಿ."

ನಾನು ಹಾಗೆಯೇ ಮರಾಠಿಗೆ ತಿರುಗಿಸಿದೆ. ಅಧಿಕಾರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಮ್ಮದು ಬೆಳಗಾವಿ ಹತ್ತಿರದ ಹಳ್ಳಿ," ಎಂದರು, ತಡೆತಡೆದು, ಕನ್ನಡದಲ್ಲೇ. "ಅಲ್ಲಿ ನಮ್ಮ ಮರಾಠಿಯವರು ಈ ಕಡೆ ಬರ್ತೀವಿ ಅಂತಾರ. ನಮ್ಮಪ್ಪ ಅದಕ್ಕಾಗಿ ಬೆಂಗಳೂರಿಗೆ ಹೋಗಿ ಹೀಗೇ ಕುಂತಿದ್ದ." ಇಷ್ಟು ಹೊತ್ತು ನಮ್ಮ ಮಾತೆಲ್ಲ ಅವರಿಗೆ ನನ್ನ ಸಹಾಯವಿಲ್ಲದೆ ತಿಳಿದಿತ್ತೆಂದು ಆಗ ಗೊತ್ತಾಯಿತು. ಗಂಗವ್ವ, "ನಿಮ್ಮಪ್ಪಗ ಏನಂದ್ರು?" ಎಂದು ಕೇಳಿದಳು. "ನಾಳೆ ಬಾ ಅಂದ್ರು," ಎಂದರು. ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ನೀವು ಹೇಳಿದ್ದನ್ನು ಮೇಲಿನವರಿಗೆ ತಿಳಿಸುತ್ತೇನೆ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ ಎಂದು ಮರಾಠಿಯಲ್ಲಿ ಮುಗಿಸಿದರು.

ಅದೇ ಸಂಜೆ ಸಯನ್ನಿನಿಂದ ವಾಪಸು ಬಸ್ಸು. ವೈಶಾಲಿ ಚಪಾತಿ, ಬಟಾಟೆ ಪಲ್ಯ ಕಟ್ಟಿಕೊಟ್ಟಳು. ಮೂವರಿಗೂ ಬೇರೆ ಬೇರೆ ಗಂಟು. ಕಾಕಾರದ್ದನ್ನು ನನ್ನ ಕೈಗೆ ಕೊಟ್ಟಳು. ಬಸವರಾಜ ಬಸ್ಸು ಹೊರಡುವ ತನಕ ನಿಂತಿದ್ದ. ಚೆಂಬೂರಿನಲ್ಲಿ ಕಾಕಾ ಹತ್ತಿದರು. ಗಂಟು ಕೊಟ್ಟಾಗ ಮೊದಲು ಬೇಡವೆಂದರು. ಪನವೇಲ್ ದಾಟಿದ ಮೇಲೆ ಬಿಚ್ಚಿ ತಿಂದರು.

ಊರಿಗೆ ಬಂದ ಮೇಲೆ ಶಾಲೆಯ ಅಂಗಳದಲ್ಲಿ ಗ್ರಾಮಸಭೆ ಸೇರಿತು. ಗಂಗವ್ವ ನಡೆದದ್ದನ್ನೆಲ್ಲ ಹೇಳಿ ಕೈ ಎತ್ತಲು ಕೇಳಿದಳು. ಹಿಂದೆಗೆದುಕೊಳ್ಳೋಣ ಎನ್ನುವವರ ಸಾಲಿನಲ್ಲಿ ಮಲ್ಲಪ್ಪ ಕಾಕಾ ಮೊದಲು ಕೈ ಎತ್ತಿದರು. ಅವರ ಹಿಂದೆ ಕೆಲವರು. ಉಳಿದವರು ಠರಾವು ಇರಲಿ ಎಂದರು. ಕಾಕಾ ಟವೆಲ್ ಕೊಡವಿ ಎದ್ದು ಹೋದರು. ಮುಂದೆ ಕೆಲವು ದಿನಕ್ಕೆ ನೀರಿನ ಯೋಜನೆಯ ಅಳತೆಯವರು ಬಂದು ಹಳ್ಳದ ದಂಡೆಯಲ್ಲಿ ಗೂಟ ಬಡಿದು ಹೋದರು. ನಾವು ಹೋಗಿ ಬಂದದ್ದಕ್ಕೆ ಬಂದರೋ, ಮೊದಲೇ ಬರುವವರಿದ್ದರೋ, ಅವರೂ ಹೇಳಲಿಲ್ಲ.

ಆ ವಾರವೇ ಬಸವರಾಜನ ಫೋನ್ ಬಂತು. ಹಿಂದೆ ಲೋಕಲ್ ಸ್ಟೇಶನ್ನಿನ ಗದ್ದಲ ಕೇಳುತ್ತಿತ್ತು. "ನೀ ಯಾವ ಕಡೆ ಕೈ ಎತ್ತಿದಿ, ಅಕ್ಕಾ?"

"ಠರಾವು ಇರ್ಲಿ ಅನ್ನೋ ಕಡೆ."

"ಹಂಗಾರ ಇನ್ನ ಮ್ಯಾಲ ನಾ ನಮ್ಮನಿಗೆ ಬಂದ್ರ ಬ್ಯಾರೆ ರಾಜ್ಯಕ್ಕ ಬಂದಂಗ."

"ನಾ ಎಲ್ಲೂ ಹೋಗಿಲ್ಲ, ಬಸು. ಇಲ್ಲೇ ಅದೀನಿ."

"ನೀ ಹಂಗಂತಿ. ಅದನ್ನ ಇಲ್ಲಿ ಮಂದಿಗೆ ದಿನಾ ಹೇಳಾವ ನಾ." ರೈಲು ಬಂದ ಸದ್ದಿಗೆ ಮುಂದಿನ ಮಾತು ಕೇಳಲಿಲ್ಲ. ಫೋನ್ ಕಟ್ ಆಯಿತು. ಅಂಗಳದಲ್ಲಿ ನಿಂತು ಕಾದೆ, ಮತ್ತೆ ಬರಲಿಲ್ಲ. ಅವನು ಮನೆ ಮುಟ್ಟಿರಬೇಕೆನ್ನುವ ಹೊತ್ತಿಗೆ ನಾನೇ ತಿರುಗಿ ಫೋನ್ ಹಚ್ಚಿದೆ.