ಎದುರು ಸೀಟು

ರೈಲು ಖಾಲಿ ಓಡುತ್ತದೆ, ಸರ್ಕಾರದ ದುಡ್ಡು ಹಳಿ ಪಾಲಾಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಹೇಳುವವರು ಬಹುಮಟ್ಟಿಗೆ ಬಸ್ಸಿನಲ್ಲಿ ಕೂತೇ ಹೇಳುತ್ತಾರೆ. ಖಾಲಿ ಸೀಟು ಖಾಲಿಯೇ ಇರುತ್ತದೆ ಎಂದು ಇವರಿಗೆ ಯಾರು ಹೇಳಿದರು? ಇವತ್ತು ಹಗರಿಬೊಮ್ಮನಹಳ್ಳಿಯಲ್ಲಿ ಪ್ಯಾಸೆಂಜರ್ ಹತ್ತಿದ ಕೂಡಲೇ ಮಲ್ಲಿಗೆ ಮೂಗಿಗೆ ಬಡಿಯಿತು, ಈ ತಕರಾರು ನೆನಪಾಯಿತು.

ನಮ್ಮ ಚಿಗವ್ವ ಹಡಗಲಿಯಿಂದ ಮೊಗ್ಗು ತಂದು ಹರಪನಹಳ್ಳಿಯಲ್ಲಿ ಮಾಲೆ ಮಾರುತ್ತಾಳೆ. ಕಟ್ಟುವುದು ಮಾತ್ರ ರೈಲಿನಲ್ಲಿ. ಎದುರು ಸೀಟಿಗೆ ಕಾಲು ಚಾಚಿ, ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಕೂತರೆ ಕೊಟ್ಟೂರು ಬಂದದ್ದೂ ಗೊತ್ತಾಗುವುದಿಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗ ನಾನು ಕೇಳಿದ್ದೆ, ಇನ್ನೂ ರೈಲು ಟಿಕೆಟ್ ಯಾಕೆ ಎಂದು.

“ಬಸ್ಸಿನಾಗ ಕಾಲು ಎಲ್ಲಿ ಚಾಚ್ಲಿ, ಕಂಡಕ್ಟರನ ತೊಡಿ ಮ್ಯಾಲೇನು?”

ಆಗ ನಾನು ಕಾಲೇಜಿನ ಚರ್ಚಾಸ್ಪರ್ಧೆಗೆ ತಯಾರಾಗುತ್ತಿದ್ದೆ. ಪ್ರಯಾಣಿಕರ ರೈಲಿಗೆ ಸಹಾಯಧನ ಬೇಕೇ ಎಂಬುದು ವಿಷಯ. ಚೀಟಿ ಎತ್ತಿದರೆ ‘ಬೇಡ’ ಎಂಬ ಪಕ್ಷ ಬಂದಿತ್ತು. ಚಿಗವ್ವ ಮೊಗ್ಗು ಆರಿಸುತ್ತ ನನ್ನ ಗರ್ಜನೆ ಕೇಳಿಸಿಕೊಂಡಳು.

“ಲೇ, ಸಬ್ಸಿಡಿ ಅಂದ್ರ ಏನು?”

“ನಿನ್ನ ಟಿಕೆಟ್ಟಿಗೆ ಸಾಲದ್ದನ್ನ ಸರ್ಕಾರ ತುಂಬೋದು.”

“ಹಂಗಾರ ನನ್ನ ದಾರದ ಇನ್ನೊಂದು ತುದಿ ಸರ್ಕಾರ ಹಿಡಕೊಂಡೈತಿ ಅನ್ನು.”

ನಾನು ಕಪ್ ಗೆದ್ದೆ. ಅವಳು ಅದರಲ್ಲಿ ಮಿಕ್ಕ ಮೊಗ್ಗು ಹಾಕಿಟ್ಟಳು. ಆ ಕಪ್ಪಿನಿಂದ ಆದ ಉಪಯೋಗ ಅದೊಂದೇ.

ಈಚೆಗೆ, ಜನ ಹತ್ತದಿದ್ದರೆ ರೈಲು ನಿಲ್ಲುತ್ತದೆ ಎಂಬ ಸುದ್ದಿ ಹಬ್ಬಿತು. ನಿಂತರೆ ಅವಳ ಕಸುಬೂ ನಿಂತಂತೆ: ಮನೆಯಲ್ಲಿ ಕಟ್ಟಿ ಹೊರಟರೆ ಸಂತೆ ಮುಗಿದಿರುತ್ತದೆ, ಅಲ್ಲಿ ಹೋಗಿ ಕಟ್ಟಲು ಕೂತರೆ ಬಿಸಿಲಿಗೆ ಮೊಗ್ಗು ಬಿರಿದಿರುತ್ತದೆ.

“ಆವತ್ತು ಬ್ಯಾಡ ಅಂತ ಒದರಿ ಕಪ್ ತಂದಿ. ಈಗ ಬೇಕು ಅಂತ ಒದರು,” ಎಂದಳು.

“ಅದು ಚೀಟಿಯಾಗ ಬಂದಿದ್ದು, ಚಿಗವ್ವ.”

“ಈಗಿನ ಚೀಟಿ ನಾನು ಎತ್ತೀನಿ. ನಡಿ.”

ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಮಾತಾಡಿದೆ. ರಸ್ತೆಗೆ ಯಾರೂ ಲಾಭದ ಲೆಕ್ಕ ಕೇಳುವುದಿಲ್ಲ, ಹಳಿಗೆ ಮಾತ್ರ ಯಾಕೆ ಕೇಳುತ್ತೀರಿ ಎಂದೆ. ಈ ವಾದ ಸ್ಪರ್ಧೆಯ ದಿನ ಎದುರಾಳಿಗೆ ಹೊಳೆದಿದ್ದರೆ ಕಪ್ ನನ್ನದಾಗುತ್ತಿರಲಿಲ್ಲ. ಹರಪನಹಳ್ಳಿಯ ಮೆಕ್ಯಾನಿಕ್ ದಾದಾಪೀರ್ ಸಾಬರು ಪೂರ್ತಿ ಕೇಳಿ, “ಮಾತು ಚಲೋ ಐತ್ರಿ. ರೈಲಿನೊಳಗ ಚಾ ಸಿಗತೈತೇನು?” ಎಂದರು. ಸಿಗುತ್ತದೆ ಎಂದು ಚಿಗವ್ವ ಧೈರ್ಯವಾಗಿ ಸುಳ್ಳು ಹೇಳಿದಳು. ಮರುದಿನದಿಂದ ತಾನೇ ಥರ್ಮಾಸಿನಲ್ಲಿ ಚಹಾ ತರತೊಡಗಿದಳು; ಬಸ್ಸಿನವರು ಒಬ್ಬೊಬ್ಬರಾಗಿ ಇತ್ತ ಬರತೊಡಗಿದರು.

ಇವತ್ತು ಸಾಬರು ಹೆಂಡತಿ ಮಕ್ಕಳೊಂದಿಗೆ ಬಂದು ಎದುರು ಸೀಟಿನಲ್ಲೇ ಕೂತಿದ್ದಾರೆ. ಬಾಗಿಲ ಬಳಿ ಕೆಲವರು ನಿಂತೂ ಇದ್ದಾರೆ. “ಬರ್ರಿ, ಸರದು ಕುಂದರ್ರಿ,” ಎಂದು ಚಿಗವ್ವ ಮದುವೆ ಮನೆಯವಳಂತೆ ಎಲ್ಲರನ್ನೂ ಕರೆಯುತ್ತಿದ್ದಾಳೆ. ಕಾಲು ಮಡಚಿಕೊಂಡಿದ್ದಾಳೆ. ಮಡಿಲಲ್ಲಿ ಮೊಗ್ಗು ಹಾಗೆಯೇ ಇದೆ; ಕಟ್ಟಿದ್ದು ಗೇಣುದ್ದ ಮಾತ್ರ.

ಖಾಲಿ ಸೀಟನ್ನು ನಷ್ಟಕ್ಕೆ ಬರೆಯಬೇಕೋ ಲಾಭಕ್ಕೋ, ನನಗೀಗ ಗೊತ್ತಿಲ್ಲ. ಅವಳ ಕಡೆ ಬಾಗಿದೆ.

“ಚಿಗವ್ವ, ರೈಲೇನೋ ಉಳೀತು. ಇನ್ನ ದಿನಾ ಹಿಂಗ ತುಂಬಿದ್ರ ನೀನು ಕಾಲು ಎಲ್ಲಿ ಚಾಚ್ತೀ?”

ಅವಳು ದಾರದ ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮುಂದಿನ ಮೊಗ್ಗು ಎತ್ತಿಕೊಂಡಳು.