ಫಕ್ಕೀರಪ್ಪನವರ ರಿವಾಲ್ವರಿಗೆ ಹೊಸ ಬ್ಯಾರೆಲ್

ಆ ದಿನ ಸರಿಯಾದ ಪ್ರಶ್ನೆ ಕೇಳಿದ್ದು ನಾನೇ ಎಂದು ಬಹಳ ವರ್ಷ ನಂಬಿದ್ದೆ. ಊಟದ ಡಬ್ಬಿ ತಂದು ಅಂಗಡಿಯಲ್ಲೇ ಕೂತಿದ್ದ ನನ್ನ ಹೆಂಡತಿ ಮಾತ್ರ, ಕೇಳಿದ್ದು ಗಿರಾಕಿಯ ಜೊತೆ ಬಂದಿದ್ದ ಶೇಠರು ಅನ್ನುತ್ತಾಳೆ. ಯಾರ ನೆನಪು ಸರಿ ಎಂದು ಹೇಳಲಾರೆ. ನೆನಪಿರುವಂತೆ ಬರೆಯುತ್ತಿದ್ದೇನೆ, ಅಷ್ಟರಮಟ್ಟಿಗೆ ಮಾತ್ರ ನಂಬಿ.

ಸುಮಾರು ಹನ್ನೆರಡು ವರ್ಷದ ಹಿಂದಿನ ಮಾತು. ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್‌ಸಿ. ಮಾಡಿಯೂ ನಾನು ಹಳೇ ಹುಬ್ಬಳ್ಳಿಯಲ್ಲಿ ಅಪ್ಪನ ಬಂದೂಕು ದುರಸ್ತಿ ಅಂಗಡಿ ನಡೆಸುತ್ತಿದ್ದೆ. ಲೈಸೆನ್ಸ್ ಇದ್ದ ಅಂಗಡಿ. ಗಿರಾಕಿಗಳಿಗಿಂತ ಕಾಗದಪತ್ರವೇ ಹೆಚ್ಚು.

ಒಂದು ದಿನ ಉಣಕಲ್‌ನ ಫಕ್ಕೀರಪ್ಪ ಬಂದರು. ಬಂಗಾರದ ಅಂಗಡಿಯೊಂದರ ಕಾವಲುಗಾರ. ಸ್ವಂತ ರಿವಾಲ್ವರ್ ಇದ್ದದ್ದರಿಂದಲೇ ಸಿಕ್ಕ ಕೆಲಸ ಅದು. ರಿವಾಲ್ವರ್ ಅವರ ಅಪ್ಪನ ಕಾಲದ್ದು, ಲೈಸೆನ್ಸ್ ಈಗ ಇವರ ಹೆಸರಿನಲ್ಲಿ. ಅದು ಸುಸ್ಥಿತಿಯಲ್ಲಿದೆ ಎಂಬ ಸರ್ಟಿಫಿಕೇಟ್ ಬೇಕೆಂದು ಅಂಗಡಿಯ ಮಾಲಕರಾದ ಶೇಠರೂ ಜೊತೆಗೆ ಬಂದಿದ್ದರು.

ಪರೀಕ್ಷೆಗೆ ಹಾರಿಸಿ ನೋಡಿದೆ. ಗುರಿಯ ಹಲಗೆಯ ಮೇಲೆ ದುಂಡಗಿನ ತೂತು ಬೀಳಬೇಕು. ಉದ್ದನೆಯ ಸೀಳು ಬಿತ್ತು. ಬ್ಯಾರೆಲ್ಲಿನ, ಅಂದರೆ ನಳಿಗೆಯ, ಒಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಗುಂಡನ್ನು ತಿರುಗಿಸಿ ನೆಟ್ಟಗೆ ಕಳಿಸುವುದು ಅವೇ. ಅವು ಅಳಿಸಿದರೆ ಗುಂಡು ಅಡ್ಡಾದಿಡ್ಡಿ ಹೊರಳುತ್ತ ಹೋಗುತ್ತದೆ.

"ಬ್ಯಾರೆಲ್ ಸವದದ. ಬದಲಿ ಮಾಡಬೇಕು," ಎಂದೆ.

ಶೇಠರು ಫಕ್ಕೀರಪ್ಪನವರ ಕಡೆ ತಿರುಗಿದರು. "ನಮ್ಮ ಅಂಗಡ್ಯಾಗ ಒಂದ ಗುಂಡೂ ಹಾರಿಲ್ಲ. ಹಂಗಾದ್ರ ಇದು ಎಲ್ಲೆ ಸವೀತು? ರೊಕ್ಕಾ ತಗೊಂಡು ಲಗ್ನದ ಮೆರವಣಿಗ್ಯಾಗ ಧಡ್ ಧಡ್ ಹಾರಿಸಿ ಬಂದಿ ಹೌದಿಲ್ಲೋ?"

"ದೇವರಾಣಿ ಇಲ್ರಿ, ಶೇಠ್ರ."

ಇದು ಸಣ್ಣ ಆರೋಪವಲ್ಲ. ಶೇಠರು ಪೊಲೀಸರ ಕಿವಿಗೆ ಹಾಕಿದರೆ ಲೈಸೆನ್ಸ್ ಹೋಗುತ್ತದೆ, ಅದರ ಬೆನ್ನಿಗೇ ಕೆಲಸವೂ. ಹೊಸ ಬ್ಯಾರೆಲ್ ಬರುವವರೆಗೆ ಕೆಲಸಕ್ಕೆ ಬರಬೇಡ, ಆಮೇಲೆ ನೋಡೋಣ ಎಂದು ಹೇಳಿ ಶೇಠರು ಹೊರಟರು.

ಅನುಮತಿ, ಕಾರ್ಖಾನೆ, ಮತ್ತೆ ಅನುಮತಿ. ತಿಂಗಳುಗಳೇ ಹಿಡಿದವು. ಫಕ್ಕೀರಪ್ಪ ವಾರಕ್ಕೊಮ್ಮೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಬಂತೇನ್ರಿ ಎಂದು ಕೇಳಿ ಕೇಳಿ ಅವರಿಗೆ ಸಾಕಾಗಿತ್ತು. ನನಗೂ ಹೇಳಿ ಹೇಳಿ ಸಾಕಾಗಿತ್ತು. ತಲೆ ಅಲ್ಲಾಡಿಸುತ್ತಿದ್ದೆ, ಅವರು ಹೋಗುತ್ತಿದ್ದರು.

ಬ್ಯಾರೆಲ್ ಬಂದ ಮೇಲೆ ಇಬ್ಬರನ್ನೂ ಕರೆಸಿದೆ. ಹಳೆಯದು ಚೌಕಟ್ಟಿಗೆ ಜಂಗು ಹಿಡಿದು ಕೂತಿತ್ತು. ಬಿಚ್ಚುವಷ್ಟರಲ್ಲಿ ರಟ್ಟೆ ಸೋತವು. ಬೆಳಕಿಗೆ ಹಿಡಿದು ನೋಡಿದರೆ, ಗುಂಡು ಹೊರಬೀಳುವ ಬಾಯಿಯ ಕಡೆ ಗೀರುಗಳು ಪೂರ್ತಿ ನುಣುಪಾಗಿದ್ದವು. ಗುಂಡು ಒಳಹೊಕ್ಕುವ ಬುಡದಲ್ಲಿ ಹೊಸದರಂತೆ ಚೂಪಾಗಿದ್ದವು. ಹಾರಿಸಿ ಹಾರಿಸಿ ಸವೆದ ಬ್ಯಾರೆಲ್ ಬಿಸಿ ಗ್ಯಾಸಿಗೆ ಮೊದಲು ಬುಡದಲ್ಲಿ ಹಾಳಾಗುತ್ತದೆ. ಇದು ತಿರುವುಮುರುವಾಗಿತ್ತು.

"ಇದನ್ನ ಹ್ಯಾಂಗ ಸ್ವಚ್ಛ ಮಾಡ್ತೀರಿ?" ಎಂದು ನಾನು ಕೇಳಿದೆ. ಅಥವಾ ಶೇಠರು ಕೇಳಿದರು.

"ಛತ್ರಿ ಕಡ್ಡಿಗೆ ಅರಿವಿ ಸುತ್ತಿ ಬಾಯಿ ಕಡೆಯಿಂದ ಹಾಕಿ ತಿಕ್ಕತೇನ್ರಿ. ನಮ್ಮಾಕಿ ದೇವರ ಹಿತ್ತಾಳಿ ಸಾಮಾನ ತಿಕ್ಕೂ ಪುಡಿ ಹಚ್ಚಿ. ಮಸ್ತ್ ಹೊಳೀತದ."

"ಯಾವಾಗ ಯಾವಾಗ?"

"ದಿನಾ ರೀ. ಡ್ಯೂಟಿಗೆ ಹೋಗೂಕಿಂತ ಮೊದಲ. ಅಪ್ಪ ಹೋದಾಗಿಂದ ಒಂದಿನಾನೂ ತಪ್ಪಿಸಿಲ್ಲ."

ಶೇಠರು ನಕ್ಕರು. "ಛತ್ರಿ ಕಡ್ಡಿ ಉಕ್ಕು ತಿಂತದಂತ! ಕೇಳ್ರಿ ಇವನ ಕಥಿ."

"ಶೇಠ್ರ, ಅಷ್ಟು ಗುಂಡು ಹಾರಿಸಿದ್ದರ ನನ್ನ ಕಿವಿ ಹೋಗಬೇಕಿತ್ತಲ್ರಿ? ಒಳಗ ಕೂತು ನೀವು ಸಣ್ಣಗ ಬೈಯೂದೂ ನನಗ ಕೇಳಸ್ತದ."

ಶೇಠರ ನಗು ನಿಂತಿತು. ಅಭಿಪ್ರಾಯವನ್ನು ಬರೆದುಕೊಡಿ ಎಂದರು. ಸವೆತ ಬಾಯಿಯ ಕಡೆಯದು, ತಪ್ಪಾಗಿ ತಿಕ್ಕಿದ್ದರಿಂದ ಆದದ್ದು, ಹಾರಿಸಿದ್ದರಿಂದ ಅಲ್ಲ ಎಂದು ಬರೆದು ಸಹಿ ಹಾಕಿದೆ. ಹೊಸ ಬ್ಯಾರೆಲ್ ಕೂಡಿಸಿ, ಗುರಿ ಸರಿ ಮಾಡಿ, ಹಲಗೆಗೆ ಹಾರಿಸಿದಾಗ ತೂತು ದುಂಡಗೆ ಬಿತ್ತು. ಹಳೆಯದನ್ನು ನಿಯಮದಂತೆ ಪೊಲೀಸರೆದುರು ತುಂಡು ಮಾಡಿಸಿದೆ. ಫಕ್ಕೀರಪ್ಪ ಮರುದಿನವೇ ಕೆಲಸಕ್ಕೆ ಹೋದರು.

ಸವೆತ ಎಷ್ಟು ಎಂದು ಕೇಳುವ ಮೊದಲು ಎಲ್ಲಿ ಎಂದು ನೋಡಬೇಕು. ಈ ಕಸುಬು ನನಗೆ ಕಲಿಸಿದ್ದು ಇಷ್ಟೇ. ಆದರೂ ಮುಂದೆ ಅಂಗಡಿಯನ್ನು ಕಾಯಂ ಆಗಿ ಮುಚ್ಚಿದ ಮೇಲೆ ಅನುಮಾನ ಹತ್ತಿತು. ಬುಡದ ವಿಷಯ ಓದಿ ತಿಳಿದಿದ್ದೆ, ಕೆಲಸದಲ್ಲೂ ಕಂಡಿದ್ದೆ. ಛತ್ರಿ ಕಡ್ಡಿಯ ಸವೆತವನ್ನು ಮಾತ್ರ ಅದಕ್ಕೆ ಮೊದಲೂ ಆಮೇಲೂ ನೋಡಿರಲಿಲ್ಲ. ಪುರಾವೆ ನೋಡಿ ಸಹಿ ಹಾಕಿದೆನೋ, ಕಿವಿಯ ಮಾತು ಹಿಡಿಸಿ ಹಾಕಿದೆನೋ? ಹಳೆಯ ಬ್ಯಾರೆಲ್ ತೆಗೆದು ನೋಡೋಣವೆಂದರೆ ಅದು ಉಳಿದಿರಲಿಲ್ಲ.

ಕೊನೆಗೆ ಹೋದ ವರ್ಷ ಗುಜರಿಯಿಂದ ಏರ್‌ಗನ್ನಿನದೊಂದು ಬ್ಯಾರೆಲ್ ತಂದೆ. ಅದರಲ್ಲೂ ಅಂಥವೇ ಗೀರುಗಳಿರುತ್ತವೆ. ಛತ್ರಿ ಕಡ್ಡಿಗೆ ಅರಿವೆ ಸುತ್ತಿ, ಹಿತ್ತಾಳೆ ತಿಕ್ಕುವ ಪುಡಿ ಹಚ್ಚಿ, ತಿಂಗಳುಗಟ್ಟಲೆ ಸಂಜೆ ಕಟ್ಟೆಯ ಮೇಲೆ ಕೂತು ಬಾಯಿಯ ಕಡೆಯಿಂದ ತಿಕ್ಕಿದೆ. ಆಮೇಲೆ ಉದ್ದಕ್ಕೆ ಸೀಳಿಸಿ ಭೂತಗನ್ನಡಿಯಲ್ಲಿ ನೋಡಿದೆ. ಬಾಯಿಯ ಹತ್ತಿರ ಗೀರುಗಳು ಅಳಿಸಿದ್ದವು. ಬುಡದಲ್ಲಿ ಚೂಪಾಗಿಯೇ ಇದ್ದವು.